ಅಂಚಿನ ಓಟಗಾರ: ಒಬ್ಬ ವಿಂಗರ್ ರೂಪುಗೊಳ್ಳುವ ಬಗೆ

ಫುಟ್‌ಬಾಲ್ ಮೈದಾನದ ಎಡ ಅಥವಾ ಬಲ ಅಂಚಿನಲ್ಲಿ ಆಡುವ ಮುಂಚೂಣಿ ಆಟಗಾರನೇ ವಿಂಗರ್. ಹಳೆಯ ಪದ್ಧತಿಯಲ್ಲಿ ಬಲಬದಿಯವನಿಗೆ 7, ಎಡಬದಿಯವನಿಗೆ 11ನೇ ಸಂಖ್ಯೆಯ ಅಂಗಿ. ಅಂತರರಾಷ್ಟ್ರೀಯ ಪಂದ್ಯಗಳ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ ಇರುತ್ತದೆ. ಆ ಅಗಲವನ್ನು ಪೂರ್ತಿ ಬಳಸಿಕೊಳ್ಳಲು ತಂಡಕ್ಕೆ ದಾರಿ ಮಾಡಿಕೊಡುವವನು ವಿಂಗರ್. ಅವನು ಗೆರೆಗೆ ಅಂಟಿಕೊಂಡು ನಿಂತರೆ ಎದುರಾಳಿಯ ಒಬ್ಬ ರಕ್ಷಣಾ ಆಟಗಾರ ಅವನನ್ನು ಕಾಯಲು ಅಲ್ಲಿಗೆ ಸರಿಯಲೇಬೇಕು. ಆಗ ಮೈದಾನದ ನಡುವೆ ಸ್ಟ್ರೈಕರ್‌ಗೂ ಮಿಡ್‌ಫೀಲ್ಡರ್‌ಗೂ ಉಸಿರಾಡಲು ಜಾಗ ಸಿಗುತ್ತದೆ. ಚೆಂಡು ಮುಟ್ಟದೆಯೂ ವಿಂಗರ್ ಮಾಡುವ ಕೆಲಸ ಇದು.

ಚೆಂಡು ಕಾಲಿಗೆ ಬಂದ ಮೇಲೆ ಅವನ ಮುಂದೆ ಮೂರು ದಾರಿಗಳಿರುತ್ತವೆ. ಎದುರಾಳಿಯನ್ನು ದಾಟಿ ಗೋಲು ಗೆರೆಯ ತನಕ ಓಡಿ ಪೆನಾಲ್ಟಿ ಆವರಣದೊಳಕ್ಕೆ ಕ್ರಾಸ್ ಕಳಿಸುವುದು ಒಂದು. ಒಳಕ್ಕೆ ತಿರುಗಿ ತಾನೇ ಗೋಲಿಗೆ ಹೊಡೆಯುವುದು ಇನ್ನೊಂದು. ಚೆಂಡನ್ನು ಹಿಂದಕ್ಕೆ ಕೊಟ್ಟು, ಮತ್ತೆ ಖಾಲಿ ಜಾಗಕ್ಕೆ ಓಡಿ ಅದನ್ನು ವಾಪಸ್ ಪಡೆಯುವುದು ಮೂರನೆಯದು. ಬಲಗಾಲಿನವನನ್ನು ಬಲಬದಿಯಲ್ಲಿ ಆಡಿಸಿದರೆ ಮೊದಲ ದಾರಿ ಸಲೀಸು. ಎಡಗಾಲಿನವನನ್ನು ಅದೇ ಬಲಬದಿಗೆ ಹಾಕಿದರೆ ಎರಡನೆಯದು ಸಲೀಸು. ಕಳೆದ ಎರಡು ದಶಕಗಳಲ್ಲಿ ಯುರೋಪಿನ ದೊಡ್ಡ ತಂಡಗಳು ಹೆಚ್ಚಾಗಿ ನೆಚ್ಚಿಕೊಂಡದ್ದು ಈ ಎರಡನೆಯ ಬಗೆಯನ್ನು. ಯಾವ ಬಗೆಯವನಾದರೂ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಲು ವಿಂಗರ್‌ಗೆ ಸಿಗುವ ಸಮಯ ಒಂದೆರಡು ಸೆಕೆಂಡು ಮಾತ್ರ, ಅದೂ ಪೂರ್ತಿ ವೇಗದಲ್ಲಿ ಓಡುತ್ತಿರುವಾಗ.

ವಿಂಗರ್‌ಗಳ ವೃತ್ತಿಬದುಕಿನ ಏರಿಳಿತಗಳನ್ನು ಅರ್ಥಮಾಡಿಕೊಳ್ಳುವ ಕೀಲಿ ಇಲ್ಲಿದೆ. ವೇಗ ಹದಿನೆಂಟರೊಳಗೇ ಕಾಣಿಸಿಕೊಳ್ಳುತ್ತದೆ, ಕ್ಲಬ್‌ಗಳ ಕಣ್ಣಿಗೂ ಮೊದಲು ಬೀಳುತ್ತದೆ. ಕೊನೆಯ ಕ್ಷಣದ ತೀರ್ಮಾನ ಮಾಗುವುದಕ್ಕೆ ವರ್ಷಗಳು ಬೇಕು, ನೂರಾರು ಪಂದ್ಯಗಳು ಬೇಕು. ವೇಗ ಆಟಗಾರನನ್ನು ತಂಡದೊಳಕ್ಕೆ ಕರೆತರುತ್ತದೆ, ತೀರ್ಮಾನಶಕ್ತಿ ಅವನನ್ನು ಅಲ್ಲಿ ಉಳಿಸುತ್ತದೆ. ಕರ್ನಾಟಕದ ಮಟ್ಟಿಗೆ ಇದನ್ನು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಬೆಂಗಳೂರು ಎಫ್‌ಸಿ ಪರ 2014ರಿಂದ 2023ರವರೆಗೆ ಆಡಿದ ಉದಾಂತ ಸಿಂಗ್ ಅವರ ವೃತ್ತಿಬದುಕು.

ಜಮ್‌ಶೆಡ್‌ಪುರದಿಂದ ಬೆಂಗಳೂರಿಗೆ

ಉದಾಂತ ಸಿಂಗ್ ಕುಮಾಂ ಹುಟ್ಟಿದ್ದು 1996ರ ಜೂನ್ 14ರಂದು, ಮಣಿಪುರದಲ್ಲಿ. ತರಬೇತಿ ಪಡೆದದ್ದು ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ. 1987ರಲ್ಲಿ ಆರಂಭವಾದ ಈ ಅಕಾಡೆಮಿ ಹದಿಹರೆಯದ ಹುಡುಗರನ್ನು ಆಯ್ದು, ವಸತಿ, ಊಟ, ಓದಿನ ಜೊತೆ ಆಟ ಕಲಿಸುವ ಸಂಸ್ಥೆ. ಬೆಂಗಳೂರಿನವರೇ ಆದ, ಮುಂದೆ ಭಾರತ ತಂಡದ ನಾಯಕರಾದ ಕಾರ್ಲ್ಟನ್ ಚಾಪ್‌ಮನ್ ಕೂಡ 1990ರ ದಶಕದ ಆರಂಭದಲ್ಲಿ ಇಲ್ಲಿಯೇ ಪಳಗಿದವರು. ದೇಶದಲ್ಲಿ ಹದಿನೈದು–ಹದಿನಾರರ ಹುಡುಗನೊಬ್ಬ ದಿನವೂ ಫುಟ್‌ಬಾಲನ್ನೇ ಉಸಿರಾಡುತ್ತ ಬೆಳೆಯಬಹುದಾದ ಜಾಗಗಳು ಆಗ ಬೆರಳೆಣಿಕೆಯಷ್ಟಿದ್ದವು.

ಅಕಾಡೆಮಿ ಮುಗಿಸಿದ ಉದಾಂತ 2014ರಲ್ಲಿ ಬೆಂಗಳೂರು ಎಫ್‌ಸಿ ಸೇರಿದರು. ಆಗ ಅವರಿಗೆ 18. ಕ್ಲಬ್ಬಿಗಿನ್ನೂ ಒಂದೇ ವರ್ಷ. ಜೆಎಸ್‌ಡಬ್ಲ್ಯು ಸಮೂಹ 2013ರ ಜುಲೈನಲ್ಲಿ ಕಟ್ಟಿದ ಈ ತಂಡ, ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಅವರ ತರಬೇತಿ ಮತ್ತು ಸುನಿಲ್ ಚೆಟ್ರಿ ಅವರ ನಾಯಕತ್ವದಲ್ಲಿ ಮೊದಲ ವರ್ಷವೇ ಆಗಿನ ಅಗ್ರ ಲೀಗ್ ಆಗಿದ್ದ ಐ–ಲೀಗ್ ಗೆದ್ದು ದೇಶವನ್ನು ಬೆರಗುಗೊಳಿಸಿತ್ತು. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಿಂದ ಆರಂಭಿಸಿ ಬಳಿಕ ಶ್ರೀ ಕಂಠೀರವ ಕ್ರೀಡಾಂಗಣವನ್ನು ತವರು ಮಾಡಿಕೊಂಡಿತು. ಚಾಂಪಿಯನ್ ತಂಡಕ್ಕೆ ಬಂದ ಹದಿನೆಂಟರ ಹುಡುಗನಿಗೆ ಮೊದಲ ಹನ್ನೊಂದರಲ್ಲಿ ಜಾಗ ಕೂಡಲೇ ಸಿಗುವುದಿಲ್ಲ. ಉದಾಂತ ಕೂಡ ಮೊದಮೊದಲು ಬದಲಿ ಆಟಗಾರನಾಗಿ, ಎದುರಾಳಿಗಳು ದಣಿದ ಮೇಲೆ ಕಣಕ್ಕಿಳಿಯುವ ವೇಗಿಯಾಗಿ ಆಡುತ್ತ ಬಂದರು.

ಅವರ ನೆರವಿಗೆ ಬಂದ ಸಂಗತಿಗಳು ಎರಡು. ಭಾರತದ ಕ್ಲಬ್‌ಗಳು ವಿದೇಶಿ ಆಟಗಾರರನ್ನು ಬಹುತೇಕ ಮೈದಾನದ ನಡುಗಂಬಗಳಾದ ಸ್ಥಾನಗಳಿಗೇ ತರುತ್ತವೆ: ಸೆಂಟರ್ ಬ್ಯಾಕ್, ನಡು ಮಿಡ್‌ಫೀಲ್ಡ್, ಸ್ಟ್ರೈಕರ್. ಉಳಿಯುವುದು ಅಂಚುಗಳು. ಹೀಗಾಗಿ ಫುಲ್‌ಬ್ಯಾಕ್ ಮತ್ತು ವಿಂಗರ್ ಸ್ಥಾನಗಳೇ ಭಾರತದ ಯುವಕರಿಗೆ ಹೆಚ್ಚು ನಿಮಿಷ ಆಡಲು ಸಿಗುವ ಸ್ಥಾನಗಳಾದವು. ಎರಡನೆಯದು, 2016–17ರ ಐ–ಲೀಗ್‌ನಲ್ಲಿ ಪ್ರತಿ ತಂಡವೂ 22ರೊಳಗಿನ ಒಬ್ಬ ಆಟಗಾರನನ್ನಾದರೂ ಆರಂಭದಿಂದಲೇ ಆಡಿಸಬೇಕೆಂಬ ನಿಯಮ. ಆಗ ಇಪ್ಪತ್ತು ದಾಟಿದ್ದ ಉದಾಂತರಂಥವರಿಗೆ ಇದು ಅನುಕೂಲವಾಯಿತು. ಯುವ ಆಟಗಾರನ ಬದುಕಿನಲ್ಲಿ ಪ್ರತಿಭೆಯಷ್ಟೇ ದೊಡ್ಡ ಪಾತ್ರ ಇಂಥ ನಿಯಮಗಳದ್ದೂ ಹೌದು.

ಉಚ್ಛ್ರಾಯದ ವರ್ಷಗಳು

2015–16ರಲ್ಲಿ ಬೆಂಗಳೂರು ಎರಡನೇ ಬಾರಿ ಐ–ಲೀಗ್ ಗೆದ್ದಿತು. ಬಳಿಕ ಕೋಚ್ ಆಗಿ ಬಂದ ಸ್ಪೇನ್‌ನ ಆಲ್ಬರ್ಟ್ ರೋಕಾ ತಂಡದ ಆಟದ ಧಾಟಿಯನ್ನೇ ಬದಲಿಸಿದರು. ಉದ್ದನೆಯ ಚೆಂಡುಗಳನ್ನು ಬಿಟ್ಟು, ಚಿಕ್ಕ ಪಾಸ್‌ಗಳ ಮೂಲಕ ಆಟ ಕಟ್ಟುವ ಕ್ರಮ ಬಂತು. ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ 2016ರ ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು ಕಂಠೀರವದಲ್ಲಿ 3–1ರಿಂದ ಮಣಿಸಿದ ಬೆಂಗಳೂರು, ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ನವೆಂಬರ್ 5ರಂದು ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕ್‌ನ ಏರ್‌ಫೋರ್ಸ್ ಕ್ಲಬ್ ಎದುರು 0–1ರಿಂದ ಸೋತಿತು. ಉದಾಂತ ಭಾರತ ತಂಡಕ್ಕೆ ಕಾಲಿಟ್ಟದ್ದೂ ಅದೇ 2016ರಲ್ಲಿ.

2017ರಲ್ಲಿ ಫೆಡರೇಷನ್ ಕಪ್ ಗೆದ್ದ ಬೆಂಗಳೂರು, ಅದೇ ವರ್ಷ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಬಂತು. ಇಲ್ಲಿಂದ ಎರಡು ಋತುಗಳು ಉದಾಂತರ ಆಟದ ಉಚ್ಛ್ರಾಯ ಕಾಲ. ತಂಡದ ಮುಂಚೂಣಿಯ ವಿನ್ಯಾಸ ಅವರಿಗೆಂದೇ ಹೊಲಿಸಿದಂತಿತ್ತು. ನಡುವೆ ವೆನೆಜುವೆಲಾದ ಮಿಕು, ಎಡಗಡೆ ಚೆಟ್ರಿ, ಬಲಗಡೆ ಉದಾಂತ. ಚೆಟ್ರಿ ಎಡಬದಿಯಲ್ಲಿ ಆರಂಭಿಸಿದರೂ ಗೋಲಿನ ಕಡೆಗೆ, ಅಂದರೆ ಒಳಕ್ಕೆ, ಸರಿಯುತ್ತಿದ್ದರು. ಎದುರಾಳಿಯ ರಕ್ಷಣೆ ಅವರ ಹಿಂದೆ ಒಳಕ್ಕೆ ಸರಿದರೆ ಬಲಬದಿಯಲ್ಲಿ ಬಯಲು ತೆರೆದುಕೊಳ್ಳುತ್ತಿತ್ತು. ಆ ಬಯಲಿನಲ್ಲಿ ಉದಾಂತರ ಓಟಕ್ಕೆ ಸಾಟಿಯಾಗುವ ರಕ್ಷಣಾ ಆಟಗಾರರು ಲೀಗ್‌ನಲ್ಲಿ ಹೆಚ್ಚಿರಲಿಲ್ಲ.

2018ರ ಮಾರ್ಚ್ 17, ಕಂಠೀರವ ಕ್ರೀಡಾಂಗಣ, ಐಎಸ್‌ಎಲ್ ಫೈನಲ್. ಎದುರಾಳಿ ಚೆನ್ನೈಯಿನ್ ಎಫ್‌ಸಿ. ಒಂಬತ್ತನೇ ನಿಮಿಷದಲ್ಲಿ ಬಲ ಅಂಚಿನಲ್ಲಿ ಮುನ್ನುಗ್ಗಿದ ಉದಾಂತ ಪೆನಾಲ್ಟಿ ಆವರಣದೊಳಕ್ಕೆ ಕ್ರಾಸ್ ಕಳಿಸಿದರು. ಚೆಟ್ರಿ ಮೈಯನ್ನೇ ಮುಂದಕ್ಕೆ ಚಾಚಿ ಹಾರಿ ತಲೆಯಿಂದ ಅದನ್ನು ಗೋಲಾಗಿಸಿದರು. ವಿಂಗರ್‌ನ ಮೂರು ದಾರಿಗಳಲ್ಲಿ ಮೊದಲನೆಯದಕ್ಕೆ ಇದು ಮಾದರಿ. ಓಟದಿಂದ ದಕ್ಕಿದ ಅರೆಗಳಿಗೆಯ ಬಿಡುವನ್ನು ಹಾಳು ಮಾಡದೆ, ಎದುರಾಳಿಗಳು ಹೊಂದಿಕೊಳ್ಳುವ ಮೊದಲೇ ಚೆಂಡು ಕಳಿಸಿದ್ದರಿಂದ ಆ ಗೋಲು ಹುಟ್ಟಿತು. ಪಂದ್ಯ ಮಾತ್ರ ಬೆಂಗಳೂರಿನ ಕೈತಪ್ಪಿತು. ಚೆನ್ನೈಯಿನ್ 3–2ರಿಂದ ಗೆದ್ದಿತು. ಮರುತಿಂಗಳು ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು 4–1ರಿಂದ ಸೋಲಿಸಿ ಬೆಂಗಳೂರು ಸೂಪರ್ ಕಪ್ ಎತ್ತಿಕೊಂಡಿತು.

ಮುಂದಿನ ಋತುವಿನಲ್ಲಿ ರೋಕಾ ಅವರ ಸಹಾಯಕರಾಗಿದ್ದ ಕಾರ್ಲಸ್ ಕ್ವದ್ರತ್ ಮುಖ್ಯ ಕೋಚ್ ಆದರು. 2019ರ ಮಾರ್ಚ್ 17ರಂದು ಮುಂಬೈನಲ್ಲಿ ನಡೆದ ಫೈನಲ್‌ನಲ್ಲಿ, ಹೆಚ್ಚುವರಿ ಸಮಯದ ಕೊನೆಯ ನಿಮಿಷಗಳಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲಿನಿಂದ ಎಫ್‌ಸಿ ಗೋವಾ ತಂಡವನ್ನು 1–0ರಿಂದ ಮಣಿಸಿ ಬೆಂಗಳೂರು ಮೊದಲ ಬಾರಿ ಐಎಸ್‌ಎಲ್ ಚಾಂಪಿಯನ್ ಆಯಿತು. 22ರ ಹರೆಯದ ಉದಾಂತ ಆಗ ದೇಶದ ಅತ್ಯಂತ ಭರವಸೆಯ ವಿಂಗರ್ ಎನಿಸಿಕೊಂಡಿದ್ದರು.

ಭಾರತ ತಂಡದಲ್ಲಿ

2018ರ ಜೂನ್ 1ರಂದು ಮುಂಬೈನಲ್ಲಿ ಚೀನಾ ತೈಪೆ ವಿರುದ್ಧ ಭಾರತ 5–0ರಿಂದ ಗೆದ್ದ ಪಂದ್ಯದಲ್ಲಿ ಉದಾಂತ ಗೋಲು ಗಳಿಸಿದರು. ಆದರೆ ಅವರ ಆಟದ ಬೆಲೆ ಚೆನ್ನಾಗಿ ಕಂಡದ್ದು 2019ರ ಜನವರಿ 6ರಂದು ಅಬುಧಾಬಿಯಲ್ಲಿ. ಏಷ್ಯಾ ಕಪ್‌ನ ಮೊದಲ ಪಂದ್ಯದಲ್ಲಿ ಭಾರತ ಥಾಯ್ಲೆಂಡ್ ತಂಡವನ್ನು 4–1ರಿಂದ ಸೋಲಿಸಿತು. 1964ರ ನಂತರ ಏಷ್ಯಾ ಕಪ್‌ನಲ್ಲಿ ಭಾರತಕ್ಕೆ ದಕ್ಕಿದ ಮೊದಲ ಗೆಲುವು ಅದು.

ಅರ್ಧವಿರಾಮದಲ್ಲಿ ಅಂಕ 1–1. ವಿರಾಮದ ನಂತರ ಆಟ ಆರಂಭವಾಗುತ್ತಿದ್ದಂತೆ ಬಲಬದಿಯಲ್ಲಿ ನುಗ್ಗಿದ ಉದಾಂತ ಚೆಂಡನ್ನು ನೆಲದ ಮೇಲೆಯೇ ಒಳಕ್ಕೆ ಕಳಿಸಿದರು. ಆಶಿಕ್ ಕುರುಣಿಯನ್ ಮುಟ್ಟಿಬಿಟ್ಟ ಚೆಂಡನ್ನು ಚೆಟ್ರಿ ಮೊದಲ ಹೊಡೆತಕ್ಕೇ ಗೋಲಿಗೆ ಸೇರಿಸಿದರು. 68ನೇ ನಿಮಿಷದಲ್ಲಿ ಮತ್ತೆ ಅದೇ ಬದಿ. ಈ ಬಾರಿ ಉದಾಂತ ತಾವೇ ಹೊಡೆಯಲು ಆತುರಪಡದೆ ಒಳಗೆ ಓಡಿಬಂದ ಅನಿರುದ್ಧ ಥಾಪಾಗೆ ಚೆಂಡು ನೀಡಿದರು. ಥಾಪಾ ಅದನ್ನು ಗೋಲ್‌ಕೀಪರ್ ಮೇಲಿಂದ ಹಾಯಿಸಿ ಗೋಲಾಗಿಸಿದರು. ಎರಡು ಗೋಲುಗಳ ಪಟ್ಟಿಯಲ್ಲೂ ಉದಾಂತರ ಹೆಸರು ಗೋಲು ಗಳಿಸಿದವರ ಜಾಗದಲ್ಲಿಲ್ಲ. ಎರಡಕ್ಕೂ ಮೂಲ ಅವರೇ. ಮುಂದಿನ ಎರಡು ಪಂದ್ಯಗಳಲ್ಲಿ ಯುಎಇ ಎದುರು 0–2, ಬಹರೇನ್ ಎದುರು ಕೊನೆಯ ಗಳಿಗೆಯ ಪೆನಾಲ್ಟಿಯಿಂದ 0–1 ಸೋತ ಭಾರತ ಗುಂಪು ಹಂತದಲ್ಲೇ ಹೊರಬಿತ್ತು.

ಅದೇ ವರ್ಷ ಸೆಪ್ಟೆಂಬರ್ 5ರಂದು ಗುವಾಹಟಿಯಲ್ಲಿ ಒಮನ್ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯ. ಆರಂಭದಲ್ಲೇ ಉದಾಂತರ ಬಿರುಸಿನ ಹೊಡೆತವೊಂದು ಗೋಲು ಪೆಟ್ಟಿಗೆಯ ಮೇಲಿನ ಅಡ್ಡಪಟ್ಟಿಗೆ ಬಡಿದು ಹಿಂದಿರುಗಿತು. ಚೆಟ್ರಿ ಗಳಿಸಿದ ಗೋಲಿನಿಂದ ಮುನ್ನಡೆದಿದ್ದ ಭಾರತ, ಪಂದ್ಯದ ಕೊನೆಯಲ್ಲಿ ಎರಡು ಗೋಲು ಬಿಟ್ಟುಕೊಟ್ಟು 1–2ರಿಂದ ಸೋತಿತು. ವಿಂಗರ್‌ನ ಬದುಕಿನಲ್ಲಿ ಹೆಸರಿಗೂ ಮರೆವಿಗೂ ನಡುವಿನ ಅಂತರ ಹಲವು ಬಾರಿ ಆ ಅಡ್ಡಪಟ್ಟಿಯ ದಪ್ಪದಷ್ಟೇ ಇರುತ್ತದೆ.

ಏರಿಕೆ ನಿಂತದ್ದೇಕೆ

2019ರ ನಂತರ ಉದಾಂತರ ಏರುಗತಿ ನಿಂತಿತು. ಗೋಲುಗಳು ವಿರಳವಾದವು, ಭಾರತ ತಂಡದ ಆರಂಭದ ಹನ್ನೊಂದರಲ್ಲಿ ಸ್ಥಾನ ಖಾತರಿಯಾಗಿ ಉಳಿಯಲಿಲ್ಲ. ಇದಕ್ಕೆ ಕಾರಣಗಳನ್ನು ಒಬ್ಬ ವ್ಯಕ್ತಿಯ ಮೇಲೆ ಹೊರಿಸುವುದಕ್ಕಿಂತ ಆಟದ ಒಳಗೆ ಹುಡುಕುವುದು ಸರಿ.

ಮೊದಲನೆಯದಾಗಿ, ಎದುರಾಳಿಗಳು ಕಲಿಯುತ್ತಾರೆ. ವೇಗಿ ವಿಂಗರ್ ಮೊದಲ ಒಂದೆರಡು ಋತು ಎಲ್ಲರನ್ನೂ ಹಿಂದೆ ಹಾಕುತ್ತಾನೆ. ಆಮೇಲೆ ರಕ್ಷಣಾ ಆಟಗಾರರು ಅವನ ಬೆನ್ನಿಗೆ ಹತ್ತಿರ ನಿಲ್ಲುವುದನ್ನು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಓಡಲು ಬಯಲೇ ಇಲ್ಲದಿದ್ದಾಗ ವೇಗದ ಬೆಲೆ ಅರ್ಧಕ್ಕಿಳಿಯುತ್ತದೆ. ಆಗ ಬೇಕಾಗುವುದು ಇಕ್ಕಟ್ಟಿನಲ್ಲಿ ಚೆಂಡು ಹಿಡಿದಿಡುವ ಕಲೆ, ಎರಡೂ ಕಾಲಿನ ಬಳಕೆ, ಯಾವಾಗ ನಿಲ್ಲಬೇಕೆಂಬ ಅರಿವು.

ಎರಡನೆಯದಾಗಿ, ತಂಡದ ವಿನ್ಯಾಸ ಬದಲಾಗುತ್ತದೆ. 2021ರ ಜನವರಿಯಲ್ಲಿ ಕ್ವದ್ರತ್ ತಂಡ ತೊರೆದರು. ಆ ಬಳಿಕ ಮಾರ್ಕೊ ಪೆಜ್ಜೈಯೊಲಿ, ನಂತರ 2022ರಲ್ಲಿ ಸೈಮನ್ ಗ್ರೇಸನ್ ಬಂದರು. ಗ್ರೇಸನ್ ಅವರ ಕಾಲದಲ್ಲಿ ತಂಡ ಹಿಂದೆ ಮೂವರು, ನಡುವೆ ಐವರು, ಮುಂದೆ ಇಬ್ಬರು ಎಂಬ ಕ್ರಮಕ್ಕೆ ಹೊರಳಿತು. ಈ ಕ್ರಮದಲ್ಲಿ ಶುದ್ಧ ವಿಂಗರ್‌ಗೆ ಜಾಗವಿಲ್ಲ. ಅಂಚನ್ನು ಕಾಯುವವನು ವಿಂಗ್‌ಬ್ಯಾಕ್. ಅವನು ಇಡೀ ಅಂಚನ್ನು ಹಿಂದೆ ಮುಂದೆ ಓಡಬೇಕು, ರಕ್ಷಣೆಯನ್ನೂ ಮಾಡಬೇಕು. ಬೆಂಗಳೂರಿಗೆ ವಿಂಗರ್ ಆಗಿ ಬಂದ ರೋಷನ್ ಸಿಂಗ್ ಈ ಹೊಸ ಕೆಲಸಕ್ಕೆ ಒಗ್ಗಿದರು. ಮುಂಚೂಣಿಯ ಜೋಡಿಯಲ್ಲಿ ರಾಯ್ ಕೃಷ್ಣ ಜೊತೆಗೆ ಯುವಕ ಶಿವಶಕ್ತಿ ನಾರಾಯಣನ್ ಬೆಳಗಿದರು. ತಂಡ 2022ರ ಸೆಪ್ಟೆಂಬರ್‌ನಲ್ಲಿ ಡುರಾಂಡ್ ಕಪ್ ಗೆದ್ದಿತು, 2023ರ ಮಾರ್ಚ್‌ನಲ್ಲಿ ಐಎಸ್‌ಎಲ್ ಫೈನಲ್ ತಲುಪಿ ಎಟಿಕೆ ಮೋಹನ್ ಬಾಗನ್ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ತಂಡ ಗೆಲ್ಲುತ್ತಿತ್ತು, ಉದಾಂತರಿಗೆ ಒಪ್ಪುವ ಜಾಗ ಮಾತ್ರ ಕಿರಿದಾಗಿತ್ತು.

ಮೂರನೆಯದು ಪಂದ್ಯಗಳ ಕೊರತೆ. ಹತ್ತು ತಂಡಗಳ ಐಎಸ್‌ಎಲ್‌ನಲ್ಲಿ 2017ರಿಂದ 2020ರವರೆಗೆ ಲೀಗ್ ಹಂತದಲ್ಲಿ ಒಂದು ತಂಡ ಆಡುತ್ತಿದ್ದದ್ದು 18 ಪಂದ್ಯ. ಅದೇ ಕಾಲದಲ್ಲಿ ಫ್ರಾನ್ಸ್‌ನ ಲೀಗ್‌ನಲ್ಲಿ ಒಂದು ತಂಡಕ್ಕೆ 38 ಪಂದ್ಯಗಳು ನಿಗದಿಯಾಗಿರುತ್ತಿದ್ದವು. ಕೊನೆಯ ಕ್ಷಣದ ತೀರ್ಮಾನ ಪಂದ್ಯಗಳಿಂದಲೇ ಮಾಗುವುದಾದರೆ, ಅರ್ಧಕ್ಕಿಂತ ಕಡಿಮೆ ಪಂದ್ಯ ಆಡುವವನು ಅದೇ ಪಾಠ ಕಲಿಯಲು ಎರಡು ಪಟ್ಟು ವರ್ಷ ತೆಗೆದುಕೊಳ್ಳುತ್ತಾನೆ. ಅಷ್ಟರಲ್ಲಿ ಕಾಲಿನ ವೇಗಕ್ಕೂ ವಯಸ್ಸಾಗಿರುತ್ತದೆ.

ಕಂಠೀರವದ ಬೀಳ್ಕೊಡುಗೆ, ಗೋವಾದ ಹೊಸ ಆರಂಭ

2023ರ ಜೂನ್–ಜುಲೈನಲ್ಲಿ ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟದ ಸ್ಯಾಫ್ ಚಾಂಪಿಯನ್‌ಷಿಪ್ ಬೆಂಗಳೂರಿನ ಕಂಠೀರವದಲ್ಲಿ ನಡೆಯಿತು. ಜೂನ್ 21ರಂದು ಪಾಕಿಸ್ತಾನದ ವಿರುದ್ಧ ಭಾರತ 4–0ರಿಂದ ಗೆದ್ದಾಗ ಚೆಟ್ರಿ ಮೂರು ಗೋಲು ಗಳಿಸಿದರು. ನಾಲ್ಕನೆಯದು 81ನೇ ನಿಮಿಷದಲ್ಲಿ ಬದಲಿ ಆಟಗಾರ ಉದಾಂತರಿಂದ ಬಂತು. ಹಿಂದಿನಿಂದ ಬಂದ ಉದ್ದನೆಯ ಪಾಸ್, ರಕ್ಷಣೆಯ ಬೆನ್ನ ಹಿಂದೆ ಓಟ, ಗೋಲ್‌ಕೀಪರ್ ಒಬ್ಬನೇ ಎದುರು. ಹದಿನೆಂಟರಲ್ಲಿ ಅವರನ್ನು ತಂಡಕ್ಕೆ ತಂದ ಗುಣವೇ ಆ ಗೋಲಿಗೂ ಕಾರಣ.

ಜುಲೈ 1ರ ಸೆಮಿಫೈನಲ್‌ನಲ್ಲಿ ಲೆಬನಾನ್ ವಿರುದ್ಧದ ಶೂಟೌಟ್‌ನಲ್ಲಿ ಉದಾಂತ ತಮ್ಮ ಪೆನಾಲ್ಟಿಯನ್ನು ಗೋಲಾಗಿಸಿದರು, ಭಾರತ 4–2ರಿಂದ ಗೆದ್ದಿತು. ಜುಲೈ 4ರ ಫೈನಲ್‌ನಲ್ಲಿ ಕುವೈತ್ ವಿರುದ್ಧ 1–1ರ ಸಮಬಲದ ನಂತರದ ಶೂಟೌಟ್‌ನಲ್ಲಿ ಅವರ ಹೊಡೆತ ಗುರಿ ತಪ್ಪಿತು. ಗುರುಪ್ರೀತ್ ಸಿಂಗ್ ಸಂಧು ಕುವೈತ್‌ನ ಕೊನೆಯ ಹೊಡೆತವನ್ನು ತಡೆದಿದ್ದರಿಂದ ಭಾರತ 5–4ರಿಂದ ಪ್ರಶಸ್ತಿ ಗೆದ್ದಿತು. ಒಂದೇ ಮೈದಾನದಲ್ಲಿ, ಮೂರು ದಿನಗಳ ಅಂತರದಲ್ಲಿ, ಒಬ್ಬನೇ ಆಟಗಾರನಿಗೆ ಆಟದ ಎರಡು ಮುಖಗಳೂ ಎದುರಾದವು.

ಅದೇ 2023ರಲ್ಲಿ ಅವರು ಬೆಂಗಳೂರು ತೊರೆದು ಎಫ್‌ಸಿ ಗೋವಾ ಸೇರಿದರು. ಅಲ್ಲಿ ಕೋಚ್ ಮನೋಲೊ ಮಾರ್ಕ್ವೆಜ್ ಅವರ ತಂಡ ಅಂಚುಗಳನ್ನು ಬಳಸಿಕೊಂಡು ಆಡುತ್ತಿತ್ತು. 2024–25ರ ಐಎಸ್‌ಎಲ್‌ನ ಲೀಗ್ ಹಂತದಲ್ಲಿ ಗೋವಾ ಎರಡನೇ ಸ್ಥಾನ ಪಡೆಯಿತು. ಸೆಮಿಫೈನಲ್‌ನಲ್ಲಿ ಅದಕ್ಕೆ ಎದುರಾದದ್ದು ಬೆಂಗಳೂರು ಎಫ್‌ಸಿ. ಎರಡು ಪಂದ್ಯಗಳ ಒಟ್ಟು ಲೆಕ್ಕದಲ್ಲಿ 3–2ರಿಂದ ಬೆಂಗಳೂರು ಮುನ್ನಡೆಯಿತು. ಒಂದು ತಿಂಗಳೊಳಗೆ, 2025ರ ಮೇ 3ರಂದು ಭುವನೇಶ್ವರದಲ್ಲಿ ಜಮ್‌ಶೆಡ್‌ಪುರ ಎಫ್‌ಸಿ ತಂಡವನ್ನು 3–0ರಿಂದ ಸೋಲಿಸಿ ಗೋವಾ ಸೂಪರ್ ಕಪ್ ಗೆದ್ದಿತು. ಆ ಬಳಿಕ ಲೀಗ್ ನಡೆಸುವ ಹಕ್ಕಿನ ಒಪ್ಪಂದ ನವೀಕರಣವಾಗದ ಗೊಂದಲದಿಂದ 2025–26ರ ಐಎಸ್‌ಎಲ್ ನಿಗದಿತ ಸಮಯಕ್ಕೆ ಆರಂಭವಾಗಲಿಲ್ಲ. ವಿಂಗರ್‌ನ ದೇಹ ಪೂರ್ತಿ ಕಸುವಿನಿಂದ ಕೆಲಸ ಮಾಡುವುದು ಹತ್ತು ಹನ್ನೆರಡು ವರ್ಷ. ಅದರಲ್ಲಿ ಪಂದ್ಯವಿಲ್ಲದೆ ಕಳೆಯುವ ಪ್ರತಿ ತಿಂಗಳೂ ಮರಳಿ ಸಿಗದ ನಷ್ಟ.

ಫ್ರಾನ್ಸ್ ಏನು ಮಾಡುತ್ತದೆ

ಇದೇ ಸ್ಥಾನದ ಆಟಗಾರರನ್ನು ತಯಾರಿಸುವುದರಲ್ಲಿ ಇಂದು ಜಗತ್ತಿಗೇ ಮುಂದಿರುವ ದೇಶಗಳಲ್ಲಿ ಫ್ರಾನ್ಸ್ ಒಂದು. ಕರ್ನಾಟಕಕ್ಕೂ ಫ್ರಾನ್ಸ್ ಫುಟ್‌ಬಾಲ್‌ಗೂ ಒಂದು ಹಳೆಯ ನಂಟಿದೆ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಆಡಿದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ ಫ್ರಾನ್ಸ್ ವಿರುದ್ಧವೇ. ಬಹುಪಾಲು ಆಟಗಾರರು ಬರಿಗಾಲಲ್ಲಿ ಆಡಿದ ಆ ಪಂದ್ಯದಲ್ಲಿ ಭಾರತದ ಪರ ಗೋಲು ಗಳಿಸಿದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಕೊನೆಯ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟು ಭಾರತ 1–2ರಿಂದ ಸೋತಿತು. ಅಂದು ಎರಡು ತಂಡಗಳ ನಡುವೆ ಇದ್ದದ್ದು ಒಂದು ಗೋಲಿನ ಅಂತರ. ಆಮೇಲೆ ಫ್ರಾನ್ಸ್ 1998 ಮತ್ತು 2018ರಲ್ಲಿ ವಿಶ್ವಕಪ್ ಗೆದ್ದಿತು. ಭಾರತ ವಿಶ್ವಕಪ್‌ನಲ್ಲಿ ಇನ್ನೂ ಆಡಿಲ್ಲ.

ಅಂತರ ಹೇಗೆ ಬೆಳೆಯಿತು ಎಂಬುದನ್ನು ರೆನ್ ಎಂಬ ಒಂದೇ ಊರಿನ ಕ್ಲಬ್ ತೋರಿಸುತ್ತದೆ. 1997ರಲ್ಲಿ ಹುಟ್ಟಿದ, ಉದಾಂತರಿಗಿಂತ ಒಂದು ವರ್ಷ ಚಿಕ್ಕವರಾದ ಒಸ್ಮಾನ್ ಡೆಂಬೆಲೆ ಹದಿಮೂರರ ಹೊತ್ತಿಗೆ ಅಲ್ಲಿ ಸೇರಿದರು. 2015–16ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಫ್ರೆಂಚ್ ಲೀಗ್‌ನಲ್ಲಿ 12 ಗೋಲು ಗಳಿಸಿದರು. 2016ರಲ್ಲಿ ಜರ್ಮನಿಯ ಡಾರ್ಟ್‌ಮಂಡ್, 2017ರಲ್ಲಿ 10.5 ಕೋಟಿ ಯೂರೊ ಮೂಲ ಮೊತ್ತಕ್ಕೆ ಬಾರ್ಸಿಲೋನಾ. ಅಲ್ಲಿ ತೊಡೆಯ ಸ್ನಾಯುವಿನ ಗಾಯಗಳು ಅವರನ್ನು ವರ್ಷಗಟ್ಟಲೆ ಕಾಡಿದವು. ವೇಗಿ ವಿಂಗರ್‌ಗಳಿಗೆ ಇದು ವೃತ್ತಿಯ ರೋಗವೇ ಸರಿ. 2023ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ಸೇರಿದ ಮೇಲೆ, ಕೋಚ್ ಲೂಯಿಸ್ ಎನ್ರಿಕೆ ಅವರನ್ನು ಅಂಚಿನಿಂದ ನಡುವಿಗೆ ತಂದರು. ಹದಿನೆಂಟರ ಓಟಗಾರ ಇಪ್ಪತ್ತೆಂಟರಲ್ಲಿ ತೀರ್ಮಾನಗಳ ಆಟಗಾರನಾಗಿ ಮಾಗಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ವರ್ಷದ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಬ್ಯಾಲನ್ ಡೋರ್ ಪ್ರಶಸ್ತಿ ಅವರ ಕೈ ಸೇರಿತು. ಅದೇ ರೆನ್ ಕ್ಲಬ್‌ನಲ್ಲಿ ಬೆಳೆದ ಡೆಸಿರೆ ಡೂಎ 2025ರ ಮೇ 31ರಂದು ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಇಂಟರ್ ಮಿಲಾನ್ ವಿರುದ್ಧ ಎರಡು ಗೋಲು ಗಳಿಸಿದರು, ತಂಡದ ಮೊದಲ ಗೋಲಿಗೆ ಪಾಸ್ ಕೊಟ್ಟದ್ದೂ ಅವರೇ. ಆಗ ಅವರಿಗೆ ಇನ್ನೂ 20 ತುಂಬಿರಲಿಲ್ಲ. ಪ್ಯಾರಿಸ್ ತಂಡ 5–0ರಿಂದ ಗೆದ್ದಿತು.

ಊರಿನ ಕ್ಲಬ್‌ಗಳು ಹೀಗೆ ಹುಡುಗರನ್ನು ಬೆಳೆಸಲು ಹಣಕಾಸಿನ ಕಾರಣವೂ ಇದೆ. ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ನಿಯಮದಂತೆ, ಒಪ್ಪಂದದ ಅವಧಿಯಲ್ಲಿರುವ ಆಟಗಾರ ಹಣಕ್ಕೆ ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ಹೋದರೆ, ಆ ಮೊತ್ತದ ಶೇ 5ರಷ್ಟು ಅವನು 12ರಿಂದ 23ನೇ ವಯಸ್ಸಿನ ನಡುವೆ ಆಡಿದ ಎಲ್ಲ ಕ್ಲಬ್‌ಗಳಿಗೂ ಹಂಚಿಕೆಯಾಗಬೇಕು. ಆ ಪಾಲಿನಲ್ಲಿ 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಶೇ 5, 16ರಿಂದ 23ರವರೆಗಿನ ಪ್ರತಿ ವರ್ಷಕ್ಕೆ ಶೇ 10. 10.5 ಕೋಟಿ ಯೂರೊ ವರ್ಗಾವಣೆಯಲ್ಲಿ ಹಂಚಬೇಕಾದ ಪಾಲು 52.5 ಲಕ್ಷ ಯೂರೊ. ಹುಡುಗನ ಹದಿಮೂರನೇ ವರ್ಷದ ಒಂದು ಋತುವಿಗೆ ಅದರಲ್ಲಿ ಸುಮಾರು 2.6 ಲಕ್ಷ ಯೂರೊ ಸಲ್ಲುತ್ತದೆ. ಚಿಕ್ಕ ಊರಿನ ಕ್ಲಬ್ ಒಂದು ಮೈದಾನ ಸರಿಪಡಿಸಿಕೊಳ್ಳಲು, ಕೋಚ್‌ಗಳಿಗೆ ಸಂಬಳ ಕೊಡಲು ಇದು ಧಾರಾಳ. ಭಾರತದ ಆಟಗಾರರು ದೊಡ್ಡ ಮೊತ್ತಕ್ಕೆ ಹೊರದೇಶಕ್ಕೆ ಹೋಗುವುದು ಅಪರೂಪವಾದ್ದರಿಂದ ಈ ಚಕ್ರ ಇಲ್ಲಿ ತಿರುಗುತ್ತಿಲ್ಲ.

ಕರ್ನಾಟಕದ ಹಾದಿ, ಬನ್ನೂರಿನ ಹುಡುಗ

ಕರ್ನಾಟಕಕ್ಕೆ ಆಟದ ಪರಂಪರೆಯ ಕೊರತೆಯಿಲ್ಲ. ರಾಮನ್, ಅಹಮದ್ ಖಾನ್ ಅವರಂಥ ಒಲಿಂಪಿಯನ್‌ಗಳು ಬೆಂಗಳೂರಿನ ಬೀದಿಗಳಿಂದ ಬಂದವರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಭಾರತ ತಂಡದಲ್ಲಿ ಮೈಸೂರು ರಾಜ್ಯದ ಕೆಂಪಯ್ಯ ಇದ್ದರು. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದಿತ್ತು. ಆಮೇಲೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ಕರ್ನಾಟಕ ಮತ್ತೆ ಆ ಟ್ರೋಫಿ ಎತ್ತಿತು. ಆ ಫೈನಲ್‌ನಲ್ಲಿ ಸುನಿಲ್ ಕುಮಾರ್, ಬೇಕೆ ಓರಾಂ ಮತ್ತು ರಾಬಿನ್ ಯಾದವ್ ಗೋಲು ಗಳಿಸಿದರು.

ಈ ಪರಂಪರೆಯ ಬಹುಪಾಲು ಬೆಂಗಳೂರಿನ ಎಲ್ಲೆಯೊಳಗೇ ಇದೆ. ಹಲಸೂರು ಬಳಿಯ ಗೌತಮಪುರದಲ್ಲಿ ಪೆಲೆ ಪ್ರತಿಮೆಯೇ ನಿಂತಿದೆ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಸೂಪರ್ ಡಿವಿಷನ್, ಅದರ ಕೆಳಗಿನ ಎ, ಬಿ, ಸಿ ಡಿವಿಷನ್ ಪಂದ್ಯಗಳೆಲ್ಲ ರಾಜಧಾನಿಯ ಸುತ್ತಲೇ ನಡೆಯುತ್ತವೆ. ತಿ. ನರಸೀಪುರ ತಾಲ್ಲೂಕಿನ ಬನ್ನೂರಿನ ಹುಡುಗನ ಕಣ್ಣಿನಿಂದ ನೋಡಿದರೆ ಚಿತ್ರ ಬೇರೆ. ಕಾವೇರಿ ನಾಲೆಗಳ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುವ, ಕುರಿ ತಳಿಗೆ ಹೆಸರಾದ ಈ ಹೋಬಳಿಯಲ್ಲಿ ಶಾಲಾ ಮೈದಾನದ ಆಟಗಳೆಂದರೆ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಕ್ರಿಕೆಟ್. ಶಿಕ್ಷಣ ಇಲಾಖೆಯ ಕ್ರೀಡಾಕೂಟ ಹೋಬಳಿ ಮಟ್ಟದಲ್ಲಿ ಆರಂಭವಾಗಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಮಟ್ಟಕ್ಕೆ ಏರುತ್ತದೆ. ಸೋತ ತಂಡಕ್ಕೆ ಅದೇ ದಿನ ಆಟ ಮುಗಿಯುತ್ತದೆ. ಒಳ್ಳೆಯ ಫುಟ್‌ಬಾಲ್ ಆಡುವ ಹುಡುಗನಿಗೂ ವರ್ಷದಲ್ಲಿ ಸಿಗುವ ನಿಜವಾದ ಪಂದ್ಯಗಳು ಬೆರಳೆಣಿಕೆಯಷ್ಟು. ಸುಮಾರು 25 ಕಿ.ಮೀ. ದೂರದ ಮೈಸೂರಿಗೆ ಸಂಜೆ ತರಬೇತಿಗೆ ಹೋಗಿಬರುವುದೆಂದರೆ ಬಸ್ಸಿನ ಹೊತ್ತು, ಓದು, ಮನೆಗೆಲಸ ಎಲ್ಲವನ್ನೂ ಲೆಕ್ಕ ಹಾಕಬೇಕು.

ಹಾಗೆಂದು ವಿಂಗರ್‌ಗೆ ಬೇಕಾದ ಕಸುವು ಈ ಸೀಮೆಯಲ್ಲಿ ಇಲ್ಲವೆಂದಲ್ಲ. ಕಬಡ್ಡಿಯಲ್ಲಿ ರೈಡ್‌ಗೆ ಹೋಗುವ ಹುಡುಗ ಮಾಡುವುದೇನು? ಎದುರಾಳಿಯ ಕಾಲಿನ ಭಾರ ಯಾವ ಕಡೆ ಬಿದ್ದಿದೆ ಎಂದು ನೋಡಿ, ಒಂದು ಬದಿಗೆ ಹೋಗುವಂತೆ ತೋರಿಸಿ ಇನ್ನೊಂದು ಬದಿಗೆ ಚಿಮ್ಮಿ, ಗೆರೆ ಮುಟ್ಟುವ ಕ್ಷಣವನ್ನು ತಾನೇ ಆರಿಸಿಕೊಳ್ಳುತ್ತಾನೆ. ಅಂಚಿನಲ್ಲಿ ಚೆಂಡಿನೊಂದಿಗೆ ನಿಂತ ವಿಂಗರ್ ಕೂಡ ಅದನ್ನೇ ಮಾಡುತ್ತಾನೆ. ಕೊರತೆ ಇರುವುದು ಕಾಲಿನಲ್ಲಲ್ಲ. ಹನ್ನೆರಡರಿಂದ ಹದಿನೆಂಟರ ನಡುವೆ ಆ ಕಾಲಿಗೆ ಚೆಂಡು ಮತ್ತು ಪಂದ್ಯ ಎರಡೂ ನಿಯಮಿತವಾಗಿ ಸಿಗುತ್ತಿಲ್ಲ.

ಇದಕ್ಕೆ ದೊಡ್ಡ ಕ್ರೀಡಾಂಗಣ ಬೇಕಿಲ್ಲ. ತಾಲ್ಲೂಕಿನ ಶಾಲೆಗಳು ಸೋತರೂ ಮತ್ತೆ ಆಡುವಂತೆ, ವಾರಕ್ಕೊಂದು ಪಂದ್ಯದ ಚಿಕ್ಕ ಲೀಗ್ ನಡೆಸಬಹುದು. ಮೈದಾನ ಚಿಕ್ಕದಿದ್ದರೆ ಏಳೇಳು ಮಂದಿಯ ಆಟ ಸಾಕು. ಚಿಕ್ಕ ಮೈದಾನದಲ್ಲಿ ಪ್ರತಿ ಹುಡುಗನಿಗೂ ಚೆಂಡು ಹೆಚ್ಚು ಬಾರಿ ಸಿಗುತ್ತದೆ, ಇಕ್ಕಟ್ಟಿನಲ್ಲಿ ತೀರ್ಮಾನ ಮಾಡುವುದನ್ನು ಅದು ಬೇಗ ಕಲಿಸುತ್ತದೆ. ಪರವಾನಗಿ ಪಡೆದ ಒಬ್ಬ ಕೋಚ್ ನಾಲ್ಕಾರು ಶಾಲೆಗಳಿಗೆ ಸರದಿಯಂತೆ ಬಂದರೂ ಆರಂಭಕ್ಕೆ ಅಡ್ಡಿಯಿಲ್ಲ. ಅಲ್ಲಿ ಗುರುತಿಸಿದ ಹುಡುಗರನ್ನು ಹದಿಮೂರು–ಹದಿನಾಲ್ಕರೊಳಗೆ ಕ್ರೀಡಾ ವಸತಿನಿಲಯಕ್ಕೋ ಕ್ಲಬ್ಬಿನ ಯುವ ತಂಡಕ್ಕೋ ಸೇರಿಸುವ ದಾರಿ ಇರಬೇಕು. ಹದಿನೆಂಟಾದ ಮೇಲೆ ಹುಡುಕಿದರೆ ಸಿಗುವುದು ಓಟಗಾರ ಮಾತ್ರ.

ಉದಾಂತ ಸಿಂಗ್ ಅವರ ವೃತ್ತಿಬದುಕಿನಲ್ಲಿ ಎರಡು ಸಂಗತಿಗಳು ಒಟ್ಟಿಗೆ ಕಾಣುತ್ತವೆ. ಮಣಿಪುರದ ಹುಡುಗನೊಬ್ಬ ಜಮ್‌ಶೆಡ್‌ಪುರದಲ್ಲಿ ಕಲಿತು ಬೆಂಗಳೂರಿನ ತಂಡಕ್ಕೆ ಐ–ಲೀಗ್, ಫೆಡರೇಷನ್ ಕಪ್, ಸೂಪರ್ ಕಪ್, ಐಎಸ್‌ಎಲ್, ಡುರಾಂಡ್ ಕಪ್‌ಗಳ ಗೆಲುವಿನಲ್ಲಿ ಜೊತೆಯಾದದ್ದು ವ್ಯವಸ್ಥಿತ ತರಬೇತಿ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ. ಇಪ್ಪತ್ತೆರಡರ ನಂತರ ಅವರ ಏರಿಕೆ ನಿಧಾನವಾದದ್ದು, ಪಂದ್ಯಗಳು ಕಡಿಮೆ ಇರುವ ದೇಶದಲ್ಲಿ ಎಂಥ ಪ್ರತಿಭೆಗೂ ಇರುವ ಮಿತಿಗೆ ಸಾಕ್ಷಿ. ಮೈಸೂರು ಸೀಮೆಯ ಹಳ್ಳಿಗಳಿಂದ ಮುಂದಿನ ವಿಂಗರ್ ಬರಬೇಕಾದರೆ ಮೊದಲು ಆಗಬೇಕಾದ ಕೆಲಸ ಹುಡುಗರಿಗೆ ಪಂದ್ಯಗಳನ್ನು ಒದಗಿಸುವುದು.